ಮಂಡಿ ನೋವು ಅಂದ್ರೆ ಸೋಮಾರಿ ಅನ್ನೋ ನಮ್ಮೂರ ಡ್ಯಾನ್ಸ್ ಕ್ಲಾಸು

ಶಿವಮೊಗ್ಗದಿಂದ ಅಕ್ಕ ಫೋನ್ ಮಾಡಿದ್ಲು. ಮಗಳಿಗೆ ಎರಡು ಮಂಡೀನೂ ನೋವಂತೆ, ಭರತನಾಟ್ಯದ ಮಿಸ್ ಹತ್ರ ಹೇಳಿದ್ರೆ "ಮೈ ಬಗ್ಸಲ್ಲ ಇವ್ಳು, ಸೋಮಾರಿ, ಮನೇಲಿ ಇನ್ನೂ ಕೂತು ಪ್ರಾಕ್ಟೀಸ್ ಮಾಡ್ಸಿ" ಅಂದ್ರಂತೆ. ಆರನೇ ಕ್ಲಾಸಿನ ಮಗು ಅದು. ಅಕ್ಕನೂ ಹೂಂ ಅಂದು ಬಂದಿದಾಳೆ, ಯಾಕಂದ್ರೆ ಮಿಸ್ ಅಂದ್ಮೇಲೆ ಮುಗೀತು, ನಮ್ಮಲ್ಲಿ ತಿರುಗಿ ಕೇಳೋ ಅಭ್ಯಾಸ ಇಲ್ವಲ್ಲ. ನಂಗೆ ಸಿಟ್ಟು ನೆತ್ತಿಗೇರ್ತು. ಆ ವಾರವೇ ಇಲ್ಲಿ ನ್ಯೂಯಾರ್ಕಲ್ಲಿ ನಮ್ಮ ಕ್ಲಾಸಲ್ಲಿ ಇಡೀ ದಿನ ತೊಡೆಮೂಳೆ ಸೊಂಟದ ಕೀಲಲ್ಲಿ ಹೇಗೆ ತಿರುಗುತ್ತೆ ಅನ್ನೋದೊಂದನ್ನೇ ಮಾಡಿದ್ವಿ, ಅದೂ ನೆಲದ ಮೇಲೆ ಮಲಗಿಕೊಂಡು.

ನಾನಿರೋದು ನ್ಯೂಜೆರ್ಸೀಲಿ, ಕೆಲಸ ಸಾಫ್ಟ್‌ವೇರು, ವೀಕೆಂಡಲ್ಲಿ ಟ್ರೈನ್ ಹಿಡ್ಕೊಂಡು ಹೋಗಿ ಲಾಬನ್-ಬಾರ್ಟೆನಿಯೆಫ್ ಪದ್ಧತೀಲಿ ಚಲನೆಯ ವಿಶ್ಲೇಷಣೆ ಕಲೀತಿದೀನಿ. ರುಡಾಲ್ಫ್ ಲಾಬನ್ ಡ್ಯಾನ್ಸರ್, 1928ರಲ್ಲಿ ಚಲನೆಯನ್ನ ಕಾಗದದ ಮೇಲೆ ಬರೆಯೋ ಲಿಪಿ ಪ್ರಕಟಿಸಿದವರು, ಆಮೇಲೆ ಎರಡನೇ ಮಹಾಯುದ್ಧದ ಟೈಮಲ್ಲಿ ಇಂಗ್ಲೆಂಡಿನ ಫ್ಯಾಕ್ಟರಿಗಳಿಗೆ ಹೋಗಿ ಕೆಲಸಗಾರರು ಭಾರ ಎತ್ತೋದು, ತಿರುಗೋದು ಎಲ್ಲಾ ನೋಡಿ ಕಡಿಮೆ ಸುಸ್ತಲ್ಲಿ ಹೇಗೆ ಮಾಡ್ಬಹುದು ಅಂತ ಹೇಳಿಕೊಟ್ರು. ಅವರ ಶಿಷ್ಯೆ ಇರ್ಮ್‌ಗಾರ್ಡ್ ಬಾರ್ಟೆನಿಯೆಫ್ ಜರ್ಮನಿ ಬಿಟ್ಟು ಅಮೆರಿಕಾಗೆ ಬಂದು ಫಿಸಿಯೋಥೆರಪಿ ಓದಿ, ಪೋಲಿಯೋ ಪೇಷಂಟುಗಳ ಜೊತೆ ಕೆಲಸ ಮಾಡಿ, 1978ರಲ್ಲಿ ನ್ಯೂಯಾರ್ಕಲ್ಲಿ ಲಾಬನ್ ಹೆಸರಲ್ಲೇ ಸಂಸ್ಥೆ ಕಟ್ಟಿದ್ರು. ನಾನು ಊರಲ್ಲಿ ಭರತನಾಟ್ಯದ ಕೊನೇ ಹಂತದ ಪರೀಕ್ಷೆ ವಿದ್ವತ್ ಮುಗಿಸಿಕೊಂಡು ಬಂದೋಳು, ಇಲ್ಲಿ ಬಂದು ಕಲಿಯೋಕೆ ಏನಿರುತ್ತೆ ಅಂತ ಮನೇಲಿ ಎಲ್ರೂ ಕೇಳಿದ್ರು.

ಇರೋದು ಇದು. ಇಲ್ಲಿ ಬೇರೆಯವರ ಮೈ ತಿದ್ದೋಕೆ ಮುಂಚೆ ನೋಡೋದು ಕಲಿಸ್ತಾರೆ. ಒಬ್ಬ ಮನುಷ್ಯ ಕುರ್ಚಿಯಿಂದ ಎದ್ದು ಬಾಗಿಲವರೆಗೆ ನಡೆಯೋ ಒಂದು ಚಿಕ್ಕ ವಿಡಿಯೋ, ಅದನ್ನೇ ಹಾಕಿ ಹಾಕಿ ತೋರಿಸ್ತಾರೆ. ಒಂದ್ಸಲ ಮೈಯಿನ ಯಾವ ಭಾಗ ಮೊದಲು ಹೊರಡ್ತು ಅಂತ ನೋಡ್ಬೇಕು, ಇನ್ನೊಂದ್ಸಲ ಭಾರ ಹೇಗೆ ಹಾಕ್ತಿದಾನೆ, ಟೈಮ್ ಹೇಗೆ, ಬಿಗಿ ಹಿಡಿದಿದಾನಾ ಸಡಿಲ ಬಿಟ್ಟಿದಾನಾ. ಚೆನ್ನಾಗಿದೆ, ಚೆನ್ನಾಗಿಲ್ಲ ಅನ್ನೋ ಹಾಗಿಲ್ಲ. ಇಬ್ಬರು ಬೇರೆ ಬೇರೆ ಬರೀತೀವಿ, ನಾನು 'ಎದೆ ಮೊದಲು ಹೊರಡ್ತು' ಅಂತ ಬರೆದಿದ್ರೆ ಪಕ್ಕದವರು 'ತಲೆ' ಅಂತ ಬರೆದಿರ್ತಾರೆ, ಆಮೇಲೆ ಮತ್ತೆ ವಿಡಿಯೋ ಹಾಕಿ ಜಗಳ ಆಡಿ ತೀರ್ಮಾನ ಮಾಡ್ಬೇಕು. ಅದು ಆದ್ಮೇಲೆ ಎದ್ದು ಅವನ ಹಾಗೇ ನಡೆದು ನಮ್ಮ ಮೈಯಲ್ಲೇ ಅದನ್ನ ಹುಡುಕ್ಬೇಕು. ಇನ್ನೊಬ್ಬರನ್ನ ಮುಟ್ಟೋ ಮುಂಚೆ ಮುಟ್ಲಾ ಅಂತ ಕೇಳ್ತಾರೆ, ಪ್ರತಿ ಸಲ ಕೇಳ್ತಾರೆ.

ಅವತ್ತಿನ ಕ್ಲಾಸಿನ ಪಾಠ ಬಾರ್ಟೆನಿಯೆಫ್ ಅವರದ್ದೇ, ನೋಡೋಕೆ ಏನೂ ಇಲ್ಲ. ಅಂಗಾತ ಮಲಗಿ, ಎರಡೂ ಮಂಡಿ ಮಡಿಚಿ, ಪಾದ ನೆಲದ ಮೇಲಿಟ್ಟು, ಎರಡೂ ಮಂಡೀನ ಒಂದು ಪಕ್ಕಕ್ಕೆ ಬೀಳೋಕೆ ಬಿಡೋದು, ಮತ್ತೆ ತರೋದು. ತರುವಾಗ ತೊಡೆ ಬಿಗಿ ಮಾಡ್ಕೊಂಡು ಎಳೀತೀವಿ ನಾವೆಲ್ಲ. ಅದನ್ನ ಬಿಟ್ಟು ಕೆಳಹೊಟ್ಟೆ ಒಳಗಿಂದ ತಂದ್ರೆ ಸೊಂಟ ತಾನಾಗಿ ತಿರುಗಿ ಬರುತ್ತೆ, ಕಾಲು ಹಗುರ ಆಗುತ್ತೆ. ಅವತ್ತು ನಂಗೆ ಅರಮಂಡಿ, ಅಂದ್ರೆ ಭರತನಾಟ್ಯದಲ್ಲಿ ಪಾದ, ಮಂಡಿ ಹೊರಗೆ ತಿರುಗಿಸಿ ಅರ್ಧ ಕೂತು ನಿಲ್ಲೋ ಭಂಗಿ, ಹೊಸದಾಗಿ ಗೊತ್ತಾಯ್ತು. ಕಾಲು ಹೊರಗೆ ತಿರುಗೋದು ಸೊಂಟದ ಕೀಲಿಂದ, ಅಲ್ಲಿ ಎಷ್ಟು ತಿರುಗುತ್ತೆ ಅನ್ನೋದು ಒಬ್ಬೊಬ್ಬರ ಮೂಳೆ ರಚನೆ ಮೇಲೆ ಹೋಗುತ್ತೆ. ಮಂಡಿ ಬಾಗಿಲಿನ ಹಿಂಜಸ್ ಥರ, ಮಡಿಚೋಕೆ ಬಿಡಿಸೋಕೆ ಇರೋದು, ಅದಕ್ಕೆ ತಿರುಚೋ ಕೆಲಸ ಕೊಡಬಾರದು. ಮಗುಗೆ "ಪಾದ ಇನ್ನೂ ಪಕ್ಕಕ್ಕೆ ತಿರುಗ್ಸು, ಇನ್ನೂ ಕೂತ್ಕೋ" ಅಂತ ಕೋಲು ಕುಟ್ಟಿದ್ರೆ ಸೊಂಟದಲ್ಲಿ ಬರದೇ ಇರೋದನ್ನ ಅದು ಪಾದದಿಂದ, ಮಂಡಿಯಿಂದ ತರುತ್ತೆ. ಮಂಡಿ ಒಂದು ಕಡೆ, ಪಾದ ಇನ್ನೊಂದು ಕಡೆ. ಇಷ್ಟು ನೋಡೋಕೆ ಎಕ್ಸ್‌ರೇ ಬೇಕಿಲ್ಲ, ಎದುರಿಗೆ ನಿಂತು ಮಂಡಿಚಿಪ್ಪು ಯಾವ ಬೆರಳ ಕಡೆ ನೋಡ್ತಿದೆ ಅಂತ ನೋಡಿದ್ರೆ ಸಾಕು.

ನಮ್ಮಲ್ಲಿ ಜೂನಿಯರ್, ಸೀನಿಯರ್, ವಿದ್ವತ್ ಅಂತ ಡ್ಯಾನ್ಸ್ ಪರೀಕ್ಷೆ ಇದೆ. ತಲೆ ಆಡಿಸೋ ಒಂಬತ್ತು ಶಿರೋಭೇದ, ಕಣ್ಣಿನ ಎಂಟು ದೃಷ್ಟಿಭೇದ, ಒಂದೇ ಕೈಯಲ್ಲಿ ಹಿಡಿಯೋ 28 ಅಸಂಯುತ ಹಸ್ತ, ಯಾವುದನ್ನ ಎಲ್ಲಿ ಬಳಸ್ಬೇಕು ಅಂತ ಹೇಳೋ ವಿನಿಯೋಗ ಶ್ಲೋಕ ಸಮೇತ ನಿದ್ದೇಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀವಿ. ಮೈಯಿನ ಚಲನೆಗೆ ಇಷ್ಟು ಸೂಕ್ಷ್ಮವಾಗಿ ಹೆಸರಿಟ್ಟ ಜನ ನಾವು. ಆದ್ರೆ ವಿದ್ವತ್ ಪಾಸಾದ ಮಾರನೇ ದಿನ ಮನೆ ಮುಂದೆ ಬೋರ್ಡ್ ಹಾಕಿ ಮೂವತ್ತು ಮಕ್ಕಳನ್ನ ನಿಲ್ಲಿಸ್ಕೊಳ್ಳೋ ನಮಗೆ, ಎದುರಿಗಿರೋ ಮಗುವಿನ ಮೈ ನೋಡೋದು ಹೇಗೆ ಅಂತ ಯಾರೂ ಕಲಿಸಿರಲ್ಲ. ಕುಣಿಯೋಕೆ ಬಂದ್ರೆ ಕಲಿಸೋಕೂ ಬರುತ್ತೆ ಅಂತ ಲೆಕ್ಕ. ಯೋಗದ ಕಥೆಯೂ ಇದೇ ಆಗಿದೆ, 200 ಗಂಟೆ ಕೋರ್ಸು, ಒಂದು ತಿಂಗಳು, ಕೈಗೆ ಸರ್ಟಿಫಿಕೇಟು.

ಒಪ್ಕೋಬೇಕಾದ್ದೂ ಇದೆ. ಬೆಳ್ಳೂರಿನ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರ್ ಅವರು ಹಗ್ಗ, ಬೆಲ್ಟು, ಮರದ ದಿಮ್ಮಿ ಇಟ್ಟು ಬಗ್ಗದ ಮೈಗೂ ಆಸನ ಹೊಂದಿಸಿದವರು, ಅದೂ ನಮ್ಮ ಕೋಲಾರದ ಕಡೆಯ ಮನುಷ್ಯ, ಹೆಸರು ಮಾಡಿದ್ದು ಪುಣೇಲಿ ಅನ್ನೋದು ಬೇರೆ ಮಾತು. ಇವತ್ತಿಗೂ ನ್ಯೂಯಾರ್ಕಿನ ಸ್ಟುಡಿಯೋಗಳ ಗೋಡೆ ಪಕ್ಕ ಆ ದಿಮ್ಮಿಗಳು ಸಾಲಾಗಿ ಇರ್ತವೆ. ಲಾಬನ್ ಪದ್ಧತೀಲೂ ಎಲ್ಲಾ ಸಿಗಲ್ಲ, ಪದ ಅಂತ ನಾವು ಹಾಡಿಗೆ ಅಭಿನಯ ಮಾಡ್ತೀವಲ್ಲ, ಅದನ್ನ ಅದರಲ್ಲಿ ಬರೆಯೋಕೆ ಕೂತ್ರೆ ಕಣ್ಣು, ಹುಬ್ಬು, ಕ್ಷಣಕ್ಕೊಂದು ಬಂದು ಹೋಗೋ ಸಂಚಾರಿ ಭಾವ ಎಲ್ಲ ಕೈಜಾರಿ ಹೋಗುತ್ತೆ, ನಮ್ಮ ಶಾಸ್ತ್ರದ ಮುಂದೆ ಅದು ಆ ವಿಷಯದಲ್ಲಿ ಬಡವೇ. ಲಾಬನ್ ದೇವರೂ ಅಲ್ಲ, ಇಂಗ್ಲೆಂಡಿಗೆ ಹೋಗೋ ಮುಂಚೆ ನಾಜಿ ಸರ್ಕಾರದ ಕೆಳಗೇ ಡ್ಯಾನ್ಸ್ ಸಂಸ್ಥೆ ನಡೆಸಿದವರು. ನನ್ನ ಗುರುಗಳಂತೂ ಇದ್ಯಾವುದನ್ನೂ ಓದಿದವರಲ್ಲ, ಆದ್ರೂ ನಾವು ನಟ್ಟಡವು ಅನ್ನೋ ಹೆಜ್ಜೆ ಮಾಡುವಾಗ ಬೆನ್ನಿಗೆ ಎರಡು ಬೆರಳಿಟ್ರೆ ಸಾಕು ಇಡೀ ಮೈ ಸರಿ ಆಗ್ತಿತ್ತು. ಅಂಥವರು ಊರಿಗೊಬ್ಬರು ಇದ್ದಾರೆ, ಆದ್ರೆ ಎಲ್ಲ ಮಕ್ಕಳಿಗೂ ಅಂಥವರು ಸಿಗ್ತಾರಾ?

ಇಲ್ಲಿನ ಫೀಸು ಕೇಳಿದ್ರೆ ಊರಲ್ಲಿ ಯಾರೂ ಈ ಕಡೆ ತಲೆ ಹಾಕಲ್ಲ, ಅದೂ ನಿಜ, ನಂಗೂ ಸಂಬಳ ಇರೋದಕ್ಕೆ ಸಾಧ್ಯ ಆಗಿದ್ದು. ಹಾಗಂತ ಇಡೀ ಕೋರ್ಸು ಶಿವಮೊಗ್ಗಕ್ಕೆ ಬರಲಿ ಅಂತ ನಾನು ಕೇಳ್ತಿಲ್ಲ. ವಿದ್ವತ್ ಪ್ರಾಕ್ಟಿಕಲ್ ದಿನ ಒಂದು ಮಗುನ ಎದುರಿಗೆ ನಿಲ್ಲಿಸಿ, ಇವಳ ಅರಮಂಡಿ ಎಲ್ಲಿಂದ ತಿರುಗ್ತಿದೆ, ನೀವಾದ್ರೆ ಏನು ಹೇಳ್ತೀರಿ ಅಂತ ಪರೀಕ್ಷಕರು ಕೇಳ್ಲಿ. ಐದು ನಿಮಿಷ ಸಾಕು, ಉತ್ತರ ಬರದಿದ್ರೆ ಮುಂದಿನ ವರ್ಷ ಬಾ ಅನ್ನಲಿ.