ಡ್ರಾಕ್ಸ್ ಹಾಲ್ ಕೈ ತಪ್ಪದೆ ಉಳಿದದ್ದು ಹೇಗೆ?

ಕೆಲವು ತಿಂಗಳಿಂದ ಬಾರ್ಬಡೋಸ್ ದ್ವೀಪದ ಬಗ್ಗೆ ಓದುತ್ತಿದ್ದೇನೆ. ಕೆರಿಬಿಯನ್ನಿನ ಪೂರ್ವದ ಅಂಚಿನಲ್ಲಿರುವ ಪುಟ್ಟ ದ್ವೀಪ ಅದು. ವಿಸ್ತೀರ್ಣ ಬರೀ 430 ಚದರ ಕಿಲೋಮೀಟರ್. ಅಲ್ಲಿ ಡ್ರಾಕ್ಸ್ ಹಾಲ್ ಅಂತ ಒಂದು ಕಬ್ಬಿನ ಎಸ್ಟೇಟ್ ಇದೆ. 1650ರ ಆಸುಪಾಸಿನಲ್ಲಿ ಕಟ್ಟಿದ ಬಂಗಲೆ ಇನ್ನೂ ನಿಂತಿದೆ. ಮಾಲೀಕರು ಇವತ್ತಿಗೂ ಇಂಗ್ಲೆಂಡಿನ ಡ್ರಾಕ್ಸ್ ಮನೆತನದವರೇ.

ಇದನ್ನು ಗೆಳೆಯರೊಬ್ಬರಿಗೆ ಹೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, "ಏನೇ ಹೇಳಿ, ನಾನೂರು ವರ್ಷ ಆಸ್ತಿ ಉಳಿಸಿಕೊಳ್ಳೋದು ಸುಮ್ನೆ ಮಾತಲ್ಲ. ಗಟ್ಟಿ ಜನ" ಅಂದರು. ಅವರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ನಾವೆಲ್ಲ ಹಾಗೇ ಯೋಚಿಸುತ್ತೇವೆ ಅಲ್ವಾ? ಹಳೆಯ ಮನೆತನ ಅಂದರೆ ಏನೋ ಒಂದು ಶಕ್ತಿ ಇದ್ದಿರಬೇಕು ಅಂತ. ಆ ಮಾತಿಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ ಅನ್ನಿಸುತ್ತಿದೆ, ಅದಕ್ಕೇ ಈ ಉದ್ದ ಬರಹ.

ಮೊದಲು ಅವರು ಮೇಲೆ ಬಂದ ಕಥೆ. 1627ರಲ್ಲಿ ಇಂಗ್ಲಿಷರ ಮೊದಲ ತಂಡ ಬಾರ್ಬಡೋಸಿಗೆ ಬಂತು. ಅದರಲ್ಲಿ ಜೇಮ್ಸ್ ಡ್ರಾಕ್ಸ್ ಅನ್ನುವ ಹುಡುಗನೂ ಇದ್ದ. ಕೈಯಲ್ಲಿದ್ದ ಬಂಡವಾಳ 300 ಪೌಂಡಿಗಿಂತ ಜಾಸ್ತಿ ಇರಲಿಲ್ಲ. ಶುರುವಿಗೆ ಎಲ್ಲರೂ ಹೊಗೆಸೊಪ್ಪು, ಹತ್ತಿ ಬೆಳೆದರು. ಅಲ್ಲಿನ ಹೊಗೆಸೊಪ್ಪಿಗೆ ಒಳ್ಳೆಯ ಹೆಸರಿರಲಿಲ್ಲ. 1640ರ ದಶಕದಲ್ಲಿ ಡ್ರಾಕ್ಸ್ ಮತ್ತು ಅವನಂಥ ಕೆಲವರು ಬ್ರೆಜಿಲ್‌ನಲ್ಲಿ ಡಚ್ಚರ ಕೈಯಲ್ಲಿದ್ದ ಪ್ರದೇಶದಿಂದ ಸಕ್ಕರೆ ಮಾಡುವ ವಿದ್ಯೆ ತಂದರು. ಅಲ್ಲಿಂದ ಎಲ್ಲ ಬದಲಾಯಿತು.

ಕಬ್ಬಿನ ಗುಣವೇ ಬೇರೆ. ಕಡಿದ ಮೇಲೆ ಒಂದೆರಡು ದಿನದೊಳಗೆ ಅರೆಯಬೇಕು, ಇಲ್ಲದಿದ್ದರೆ ರಸ ಹುಳಿಯುತ್ತದೆ. ಅಂದರೆ ಗಾಣ ಹೊಲದ ಪಕ್ಕದಲ್ಲೇ ಇರಬೇಕು. ಹಿಂಡಿದ ರಸ ಕಾಯಿಸಲು ಸಾಲು ಸಾಲು ತಾಮ್ರದ ಕೊಪ್ಪರಿಗೆ ಬೇಕು. ಸಕ್ಕರೆ ಒಣಗಿಸಲು ಬೇರೆ ಕಟ್ಟಡ ಬೇಕು. ಕೊಯ್ಲಿನ ತಿಂಗಳುಗಳಲ್ಲಿ ಹಗಲು ರಾತ್ರಿ ದುಡಿಯುವ ಜನ ಬೇಕು. ಹತ್ತು ಎಕರೆ ಇದ್ದವನಿಂದ ಇದು ಆಗುವ ಮಾತಲ್ಲ. ಹಾಗಾಗಿ ಸಣ್ಣ ಹಿಡುವಳಿದಾರರು ಮಾರಿ ಹೊರಟರು, ದೊಡ್ಡವರು ಕೊಂಡರು. ಹಿಲಿಯರ್ಡ್ ಅನ್ನುವವನ 500 ಎಕರೆ 1640ರಲ್ಲಿ 400 ಪೌಂಡಿಗೆ ಸಿಗುವಂತಿತ್ತು. 1647ರಲ್ಲಿ ಅದರ ಅರ್ಧ ಪಾಲನ್ನು, ಗಾಣ, ಕಟ್ಟಡ, ಗುಲಾಮರು ಎಲ್ಲ ಸೇರಿ, ಥಾಮಸ್ ಮಾಡಿಫೋರ್ಡ್ 7,000 ಪೌಂಡಿಗೆ ಕೊಂಡ. 1680ರ ಹೊತ್ತಿಗೆ ಸುಮಾರು 175 ದೊಡ್ಡ ತೋಟಗಾರರ ಕೈಯಲ್ಲಿ ದ್ವೀಪದ ಅರ್ಧಕ್ಕಿಂತ ಜಾಸ್ತಿ ಜಮೀನು, ಅರ್ಧಕ್ಕಿಂತ ಜಾಸ್ತಿ ಗುಲಾಮರು ಇದ್ದರು. ಬರೀ ನಲವತ್ತು ವರ್ಷ, ಅಷ್ಟರಲ್ಲೇ!

ಇನ್ನು ದುಡಿದವರು. ಮೊದಲು ಬ್ರಿಟನ್ನಿನಿಂದ, ಐರ್ಲೆಂಡಿನಿಂದ ಕರಾರಿನ ಮೇಲೆ ಬಂದ ಬಡವರು. ಆಮೇಲೆ ಆಫ್ರಿಕಾದಿಂದ ಹಿಡಿದು ತಂದು ಮಾರಿದ ಜನ. ಜೇಮ್ಸ್‌ನ ಮಗ ಹೆನ್ರಿ ಡ್ರಾಕ್ಸ್ 1670ರ ದಶಕದ ಕೊನೆಯಲ್ಲಿ ಇಂಗ್ಲೆಂಡಿಗೆ ಹೊರಡುವ ಮುಂಚೆ ಮೇಲ್ವಿಚಾರಕನಿಗೆ ವಿವರವಾದ ಸೂಚನೆಗಳನ್ನು ಬರೆದಿಟ್ಟ. ಗೊಬ್ಬರ ಹೇಗೆ ಹಾಕಬೇಕು, ಊಟ ಎಷ್ಟು ಕೊಡಬೇಕು, ಎಲ್ಲ ಇದೆ. ಅದರಲ್ಲೇ ಪ್ರತಿ ವರ್ಷ ಹತ್ತು ಹದಿನೈದು ಹೊಸ ಗುಲಾಮರನ್ನು ಕೊಳ್ಳಬೇಕು ಅಂತಲೂ ಇದೆ. ತೋಟ ಬೆಳೆಸಲಿಕ್ಕೆ ಅಲ್ಲ, ಇದ್ದಷ್ಟು ಜನರನ್ನು ಇದ್ದಷ್ಟೇ ಇಟ್ಟುಕೊಳ್ಳಲಿಕ್ಕೆ. ವರ್ಷಾ ವರ್ಷ ಎಷ್ಟು ಜನ ಸಾಯುತ್ತಾರೆ ಅಂತ ಮೊದಲೇ ಲೆಕ್ಕ ಹಾಕಿದ್ದರು. ಇದನ್ನು ಓದಿದ ದಿನ ನನಗೆ ಮುಂದೆ ಓದಲಾಗಲಿಲ್ಲ.

ಈಗ ನನ್ನ ಗೆಳೆಯರ ಮಾತಿಗೆ ಬರುತ್ತೇನೆ. ನಾನೂರು ವರ್ಷ ಒಂದೇ ಮನೆತನ ಅನ್ನುತ್ತೇವಲ್ಲ, ಅದು ನಿಜವಾ? ಆ ಹೆನ್ರಿ ಡ್ರಾಕ್ಸ್ 1682ರಲ್ಲಿ ಮಕ್ಕಳಿಲ್ಲದೆ ಸತ್ತ. ಆಸ್ತಿ ಅಕ್ಕ-ತಂಗಿಯರ ಕಡೆಯ ಥಾಮಸ್ ಶಾಟರ್ಡನ್‌ಗೆ ಹೋಯಿತು. ಅವನು ತನ್ನ ಮನೆತನದ ಹೆಸರು ಬಿಟ್ಟು ಡ್ರಾಕ್ಸ್ ಆದ. ಅವನ ಮಗ 1719ರಲ್ಲಿ ಅರ್ನ್ಲ್ ಮನೆತನದ ಹುಡುಗಿಯನ್ನು ಮದುವೆಯಾದ. ಆ ಮದುವೆಯಿಂದ ಇಂಗ್ಲೆಂಡಿನ ಡಾರ್ಸೆಟ್‌ನ ಚಾರ್ಬರೋ ಎಸ್ಟೇಟ್ ಕೈಗೆ ಬಂತು. ಮುಂದೆ ಗಂಡು ಸಂತಾನ ಇಲ್ಲದಾಗ ಮಗಳನ್ನು ಮದುವೆಯಾದ ರಿಚರ್ಡ್ ಗ್ರೋವ್‌ನರ್ ಡ್ರಾಕ್ಸ್ ಆದ. ಅವನ ಮಗಳನ್ನು ಮದುವೆಯಾದ ಜಾನ್ ಸಾಬ್ರಿಜ್ ಕೂಡ ಡ್ರಾಕ್ಸ್ ಆದ. ಇವತ್ತಿನ ವಾರಸುದಾರರ ಪೂರ್ತಿ ಹೆಸರು ರಿಚರ್ಡ್ ಗ್ರೋವ್‌ನರ್ ಪ್ಲಂಕೆಟ್-ಅರ್ನ್ಲ್-ಅರ್ಲ್-ಡ್ರಾಕ್ಸ್. ಒಂದೊಂದು ಹೆಸರಿನ ಹಿಂದೆ ಒಂದೊಂದು ಮನೆತನ ಇದೆ.

ಅಂದರೆ ಮಗನಿಂದ ಮಗನಿಗೆ ಹೋಗುವ ಎಳೆ ಪದೇ ಪದೇ ಕಡಿದಿದೆ. ಪ್ರತಿ ಸಲವೂ ಬೇರೆ ಮನೆಯ ಹುಡುಗನೊಬ್ಬ ಬಂದು ಹೆಸರು ಬದಲಾಯಿಸಿಕೊಂಡು ಗದ್ದುಗೆ ಮೇಲೆ ಕೂತಿದ್ದಾನೆ. ಬದಲಾಗದೆ ಉಳಿದದ್ದು ಜಮೀನು. ಆ ಜಮೀನನ್ನು ಒಡೆಯದೆ ಇಡೀಯಾಗಿ ದಾಟಿಸಲು ಹೆಸರು ಬೇಕಿತ್ತು, ಉಯಿಲು ಬೇಕಿತ್ತು, ಮದುವೆ ಬೇಕಿತ್ತು. ಮುಖ್ಯವಾಗಿ ಕಾನೂನು ಬೇಕಿತ್ತು. ಆ ಕಾನೂನು ಬರೆಯುವ ಪೆನ್ನು ಇವರ ವರ್ಗದ ಕೈಯಲ್ಲೇ ಇತ್ತು. ನನ್ನ ಮಾತಿನ ಸಾರ ಇದೇ.

ಬಾರ್ಬಡೋಸ್ ಶಾಸನಸಭೆ ಶುರುವಾದದ್ದು 1639ರಲ್ಲಿ. ಮತ ಹಾಕಲು ಆಸ್ತಿ ಬೇಕು, ಕೂರಲು ಇನ್ನೂ ಜಾಸ್ತಿ ಆಸ್ತಿ ಬೇಕು. ಹಾಗಾಗಿ ಅಲ್ಲಿ ಕೂತವರು ತೋಟಗಾರರೇ. 1661ರಲ್ಲಿ ಇದೇ ಸಭೆ ಗುಲಾಮರ ಬಗ್ಗೆ ಕಾಯ್ದೆ ಮಾಡಿತು. ಶಿಕ್ಷೆ ಕೊಡುವಾಗ ಗುಲಾಮ ಸತ್ತರೆ ಯಜಮಾನನಿಗೆ ಶಿಕ್ಷೆ ಇಲ್ಲ. ಅದೇ ಕಾಯ್ದೆ ಆಮೇಲೆ ಜಮೈಕಾಕ್ಕೆ ಹೋಯಿತು, ಅಮೆರಿಕದ ಕೆರೊಲೈನಾಕ್ಕೂ ಹೋಯಿತು. ಕೆರೊಲೈನಾದಲ್ಲಿ ಮೊದಮೊದಲು ನೆಲೆಯಾದ ದೊಡ್ಡವರಲ್ಲಿ ಬಾರ್ಬಡೋಸಿನವರೇ ಬಹಳ ಜನ. ಅದು ಬೇರೆಯೇ ಕಥೆ, ಇಲ್ಲಿ ಬೇಡ.

ಎಲ್ಲರೂ ಕಬ್ಬು ಬೆಳೆದೇ ತೋಟಗಾರರಾದವರಲ್ಲ. ಲ್ಯಾಸೆಲ್ಸ್ ಮನೆತನದ ಹೆನ್ರಿ ಬಾರ್ಬಡೋಸಿನಲ್ಲಿ ಸುಂಕದ ಅಧಿಕಾರಿಯಾಗಿದ್ದವನು. ತೋಟಗಾರರಿಗೆ ಸಾಲ ಕೊಡುತ್ತಿದ್ದ. ಸಾಲ ತೀರಿಸಲಾಗದವರ ತೋಟಗಳು ಒಂದೊಂದೇ ಅವನ ಮನೆತನಕ್ಕೆ ಸೇರಿದವು. ಇಂಗ್ಲೆಂಡಿನ ಹೇರ್‌ವುಡ್ ಅರಮನೆ ಎದ್ದದ್ದು ಈ ದುಡ್ಡಿನಲ್ಲಿ.

1834ರಲ್ಲಿ ಗುಲಾಮಗಿರಿ ರದ್ದಾಯಿತು. ಈ ಮನೆತನಗಳು ಮುಳುಗಬೇಕಾದ ಕಾಲ ಅದು. ಮುಳುಗಲಿಲ್ಲ. ಬ್ರಿಟನ್ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಯಾರಿಗೆ? ಯಜಮಾನರಿಗೆ. ಬಾರ್ಬಡೋಸಿನ ಸುಮಾರು 83,000 ಗುಲಾಮರ ಲೆಕ್ಕದಲ್ಲಿ ಸುಮಾರು 17 ಲಕ್ಷ ಪೌಂಡ್. ಜಾನ್ ಸಾಬ್ರಿಜ್ ಡ್ರಾಕ್ಸ್‌ಗೆ 189 ಜನರ ಲೆಕ್ಕದಲ್ಲಿ 4,293 ಪೌಂಡ್. ಆ 189 ಜನರಿಗೆ ಒಂದು ಪೆನ್ನಿಯೂ ಇಲ್ಲ. ಅಷ್ಟೇ ಅಲ್ಲ, ತರಬೇತಿ ಅನ್ನುವ ಹೆಸರಲ್ಲಿ ಇನ್ನೂ ನಾಲ್ಕು ವರ್ಷ, 1838ರವರೆಗೆ, ಅವರು ಅದೇ ತೋಟಗಳಲ್ಲಿ ವಾರಕ್ಕೆ 45 ಗಂಟೆಯವರೆಗೆ ಸಂಬಳವಿಲ್ಲದೆ ದುಡಿಯಬೇಕಾಯಿತು. ಆ ಪರಿಹಾರಕ್ಕೆ ಸರ್ಕಾರ ಎತ್ತಿದ ಸಾಲದ ಬಾಕಿ ಪೂರ್ತಿ ತೀರಿದ್ದು 2015ರಲ್ಲಿ. ಗುಲಾಮರ ಮರಿಮಕ್ಕಳು ಬ್ರಿಟನ್‌ಗೆ ಹೋಗಿ ಕಟ್ಟಿದ ತೆರಿಗೆಯೂ ಅದರಲ್ಲಿ ಸೇರಿದೆ. ಇದಕ್ಕಿಂತ ದೊಡ್ಡ ಅನ್ಯಾಯ ಇದೆಯಾ ಅಂತ ನನಗೆ ಗೊತ್ತಿಲ್ಲ.

ಬಿಡುಗಡೆಯಾದವರು ಎಲ್ಲಿಗೆ ಹೋಗಬೇಕಿತ್ತು? ಜಮೈಕಾದಲ್ಲಿ ಬೆಟ್ಟಗುಡ್ಡ, ಖಾಲಿ ಜಾಗ ಇತ್ತು. ಬಾರ್ಬಡೋಸ್ ಚಪ್ಪಟೆ, ಸಣ್ಣದು, ಪ್ರತಿ ಮೂಲೆಯೂ ಯಾರದೋ ತೋಟ. ಹಾಗಾಗಿ ತೋಟದ ಅಂಚಿನಲ್ಲೇ ಬಾಡಿಗೆ ಜಾಗದಲ್ಲಿ ಗುಡಿಸಲು ಹಾಕಿದರು. ತೋಟದಲ್ಲಿ ಇರಬೇಕಾದರೆ ಆ ತೋಟದಲ್ಲೇ ದುಡಿಯಬೇಕು, ಇಲ್ಲದಿದ್ದರೆ ಜಾಗ ಖಾಲಿ ಮಾಡಬೇಕು. ಇದಕ್ಕೂ ಶಾಸನಸಭೆ ಕಾಯ್ದೆ ಮಾಡಿತು. ಅಲ್ಲಿ ಚಾಟೆಲ್ ಹೌಸ್ ಅಂತ ಮರದ ಪುಟ್ಟ ಮನೆಗಳಿವೆ. ಅವಕ್ಕೆ ಅಡಿಪಾಯ ಇಲ್ಲ, ಸಡಿಲ ಕಲ್ಲುಗಳ ಮೇಲೆ ಸುಮ್ನೆ ಕೂತಿರುತ್ತವೆ. ಯಜಮಾನ ಹೊರಡು ಅಂದರೆ ಹಲಗೆ ಬಿಚ್ಚಿ ಗಾಡಿಗೆ ಹೇರಿಕೊಂಡು ಹೊರಡಬೇಕು. ಪ್ರವಾಸಿಗರು ಇವತ್ತು ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಬಣ್ಣ ಬಣ್ಣವಾಗಿ ಚೆನ್ನಾಗಿವೆ ನಿಜ. ಆದರೆ ನೆಲ ನಿನ್ನದಲ್ಲ ಅನ್ನುವ ಮಾತೇ ಅಲ್ಲಿ ಮನೆಯಾಗಿ ನಿಂತಿದೆ.

1865ರಲ್ಲಿ ಜಮೈಕಾದಲ್ಲಿ ಬಂಡಾಯ ಎದ್ದ ಮೇಲೆ ಅಲ್ಲಿನ ತೋಟಗಾರರು ಹೆದರಿ ತಮ್ಮ ಶಾಸನಸಭೆಯನ್ನೇ ಬ್ರಿಟಿಷ್ ಸರ್ಕಾರಕ್ಕೆ ಒಪ್ಪಿಸಿದರು. ಬಾರ್ಬಡೋಸಿನವರು ಬಿಡಲಿಲ್ಲ. 1876ರಲ್ಲಿ ಗವರ್ನರ್ ಹೆನ್ನೆಸ್ಸಿ ದ್ವೀಪವನ್ನು ಅಕ್ಕಪಕ್ಕದ ದ್ವೀಪಗಳ ಜೊತೆ ಒಂದು ಮಾಡಲು ನೋಡಿದಾಗ ಗಲಭೆಯಾಯಿತು, ಕೊನೆಗೆ ವರ್ಗವಾಗಿ ಹೋದದ್ದು ಗವರ್ನರೇ. ಸಭೆ ಉಳಿಯಿತು. ಬೇರೆ ದ್ವೀಪಗಳಲ್ಲಿ ಸಾಲದಲ್ಲಿದ್ದ ತೋಟಗಳು ಲಂಡನ್ನಿನ ಕಂಪನಿಗಳ ಪಾಲಾಗುತ್ತಿದ್ದಾಗ ಇಲ್ಲಿ ಬಹುಪಾಲು ಊರಿನವರ ಕೈಯಲ್ಲೇ ಸುತ್ತಿದವು. ಸಕ್ಕರೆ ಬೆಲೆ ನೆಲಕಚ್ಚಿದಾಗ, 1902ರಲ್ಲಿ, ಬ್ರಿಟನ್ 80,000 ಪೌಂಡ್ ನೆರವು ಕೊಟ್ಟಿತು. ಅದರಿಂದ ಮುಂದೆ ತೋಟಗಾರರಿಗೆ ಸಾಲ ಕೊಡುವ ಒಂದು ಬ್ಯಾಂಕೇ ಆಯಿತು. ಮುಳುಗುತ್ತಿದ್ದಾಗೆಲ್ಲ ಯಾರೋ ಕೈ ಹಿಡಿದು ಎತ್ತಿದ್ದಾರೆ. ಗೆಳೆಯರು ಹೇಳಿದ ಗಟ್ಟಿತನ ಇದು.

ನಿಜವಾದ ಗಟ್ಟಿತನ ಎಲ್ಲಿತ್ತು ಅಂತ ಕೇಳಿದರೆ ನಾನು ಬಾರ್ಬಡೋಸಿನಿಂದ ಪನಾಮ ಕಾಲುವೆ ತೋಡಲು ಹೋದವರನ್ನು ತೋರಿಸುತ್ತೇನೆ. 1904ರಿಂದ 1914ರೊಳಗೆ ಕರಾರಿನ ಮೇಲೆ ಹೋದವರೇ ಸುಮಾರು 20,000 ಜನ. ಕೆಸರಿನಲ್ಲಿ, ಮಲೇರಿಯಾದ ನಡುವೆ, ಸಿಡಿಮದ್ದಿನ ಪಕ್ಕ ದುಡಿದು ಮನೆಗೆ ದುಡ್ಡು ಕಳಿಸಿದರು. ಆ ದುಡ್ಡಿನಿಂದ ಕೆಲವರು ಮೊದಲ ಸಲ ತುಂಡು ನೆಲ ಕೊಂಡರು. ವಯಸ್ಕರೆಲ್ಲರಿಗೂ ಮತ ಸಿಕ್ಕಿ ಚುನಾವಣೆ ನಡೆದದ್ದು 1951ರಲ್ಲಿ. ಸ್ವಾತಂತ್ರ್ಯ 1966ರಲ್ಲಿ. ತೋಟದ ಅಂಚಿನಲ್ಲಿ ತಲೆಮಾರುಗಳಿಂದ ಇದ್ದವರು ತಮ್ಮ ಮನೆ ಕೆಳಗಿನ ನೆಲವನ್ನು ಕೊಳ್ಳಬಹುದು ಅನ್ನುವ ಕಾಯ್ದೆ 1980ರಲ್ಲಿ ಬಂತು. ಬೆಲೆ ಚದರ ಅಡಿಗೆ 10 ಸೆಂಟ್. ಅಂದರೆ ಪೆನ್ನು ಕೈ ಬದಲಾದರೆ ಇದೂ ಆಗುತ್ತದೆ!

ಹಾಗಾಗಿ 2024ರ ಸುದ್ದಿ ನನಗೆ ತುಂಬಾ ಬೇಸರ ತಂದಿತು. ಬಾರ್ಬಡೋಸ್ ಸರ್ಕಾರ ಮನೆ ಕಟ್ಟಿಸಲು ಡ್ರಾಕ್ಸ್ ಹಾಲ್‌ನ 53 ಎಕರೆಯನ್ನು ಮಾರುಕಟ್ಟೆ ಬೆಲೆಗೆ ಕೊಳ್ಳಲು ಹೊರಟಿತ್ತು. ಲಕ್ಷಗಟ್ಟಲೆ ಪೌಂಡಿನ ಮಾತು. ಜನ ಸಿಟ್ಟಾದರು. ಏಪ್ರಿಲ್‌ನಲ್ಲಿ ಪ್ರಧಾನಿ ಮಿಯಾ ಮಾಟ್ಲಿ ಅದನ್ನು ತಡೆದರು. ಬ್ರಿಟನ್ ಪಾರ್ಲಿಮೆಂಟಿನ ಸದಸ್ಯರೂ ಆಗಿದ್ದ ರಿಚರ್ಡ್ ಡ್ರಾಕ್ಸ್, ಹಿಂದೆ ಆದದ್ದು ಬಹಳ ವಿಷಾದದ ಸಂಗತಿ, ಆದರೆ ನೂರಾರು ವರ್ಷದ ಹಿಂದಿನದಕ್ಕೆ ಇವತ್ತಿನವರು ಹೊಣೆಯಲ್ಲ ಅಂತ ಹೇಳಿದ್ದಾರೆ. ಪಾಪ ಮಾಡಿದ್ದು ಅವರಲ್ಲ, ಒಪ್ಪುತ್ತೇನೆ. ಆದರೆ ಆಸ್ತಿ ಬರುತ್ತದೆ, ಹೆಸರು ಬರುತ್ತದೆ, ಹೊಣೆ ಮಾತ್ರ ಬರುವುದಿಲ್ಲ ಅಂದರೆ ಹೇಗೆ? ಆ 53 ಎಕರೆಗೆ ಮತ್ತೆ ದುಡ್ಡು ಕೊಡಬಾರದು ಅಂತ ನಾನು ನಂಬುತ್ತೇನೆ. ಅದರ ಬೆಲೆ ಬಹಳ ಹಿಂದೆಯೇ ಸಂದಿದೆ.

ಇದನ್ನೆಲ್ಲ ಗೆಳೆಯರಿಗೆ ಹೇಳಿದೆ. ಅವರು ಪೂರ್ತಿ ಕೇಳಿ ಒಂದೇ ಪ್ರಶ್ನೆ ಕೇಳಿದರು: "ಆ 189 ಜನರ ಹೆಸರು ಎಲ್ಲಾದರೂ ಇದೆಯಾ?" ಇದೆ. 1817ರಿಂದ 1834ರವರೆಗೆ ಮೂರು ವರ್ಷಕ್ಕೊಮ್ಮೆ ಬಾರ್ಬಡೋಸಿನ ಯಜಮಾನರು ತಮ್ಮ ಗುಲಾಮರ ಪಟ್ಟಿ ಸರ್ಕಾರಕ್ಕೆ ಕೊಡಬೇಕಿತ್ತು. ಆ ರಿಜಿಸ್ಟರ್‌ಗಳು ಲಂಡನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಹೆಸರು, ಗಂಡೋ ಹೆಣ್ಣೋ, ವಯಸ್ಸು, ಬಣ್ಣ, ಹುಟ್ಟಿದ ದೇಶ, ಮಾಡುವ ಕೆಲಸ. ಮನೆತನದ ಹೆಸರು ಬರೆಯಲು ಅಲ್ಲಿ ಕಾಲಂ ಇಲ್ಲ.