ಶಾಸ್ತ್ರಕ್ಕೊಂದು ಗುದ್ದಲಿ

ಮಂಡ್ಯದ ನಮ್ಮ ಬೀದಿಗೆ ಮೊನ್ನೆ ಮೂರನೇ ಸಲ ಗುದ್ದಲಿ ಪೂಜೆ ಆಯಿತು. ರಸ್ತೆ ಅದೇ, ಗುಂಡಿ ಅವೇ, ಗುದ್ದಲಿ ಮಾತ್ರ ಹೊಸದು. ಕಾವಿಗೆ ಅಂಟಿಸಿದ್ದ ಬೆಲೆಚೀಟಿಯ ಮೇಲೇ ಅರಿಶಿನ ಕುಂಕುಮ ಹಚ್ಚಿದ್ದರು. ಅಗೆಯೋರಿಗೆ ಕೈ ನೋಯಬಾರದು ಅಂತ ಹಿಂದಿನ ರಾತ್ರಿಯೇ ಒಂದು ಮೊಳ ನೆಲ ಅಗೆದು, ಮಣ್ಣು ಪುಡಿ ಮಾಡಿ, ವಾಪಸ್ ಮುಚ್ಚಿಟ್ಟಿದ್ದರು. ಶಾಸಕರು ಬಂದರು, ಗುದ್ದಲಿ ಮುಟ್ಟಿಸಿದರು. ಫೋಟೊ ಸರಿ ಬರಲಿಲ್ಲ ಅಂತ ಇನ್ನೊಂದು ಸಲ ಮುಟ್ಟಿಸಿದರು. ಪಕ್ಕದ ಮನೆ ಅಜ್ಜಿ ಗುತ್ತಿಗೆದಾರರ ಕಡೆ ಹುಡುಗನನ್ನು ಕೇಳಿದರು, "ಕೆಲ್ಸ ನಾಳೆಯಿಂದ್ಲೇನಾ ಮಗ?"

"ಇಲ್ಲ ಅಜ್ಜಿ, ಇದು ಸುಮ್ನೆ ಶಾಸ್ತ್ರಕ್ಕೆ."

ಎಂಥ ಪದ ನೋಡಿ! ಸಂಸ್ಕೃತದ 'ಶಾಸ್' ಧಾತುವಿಂದ ಬಂದಿದ್ದು, ಅಂದ್ರೆ ಆಳು, ಕಲಿಸು, ಅಪ್ಪಣೆ ಕೊಡು. ಶಾಸ್ತ್ರ, ಶಾಸನ, ಶಾಸಕ ಎಲ್ಲ ಒಂದೇ ಬಳ್ಳಿಯ ಕಾಯಿಗಳು. ಹಾಗಾಗಿ ಶಾಸಕರು ಶಾಸ್ತ್ರ ಮಾಡಿ ಹೋಗೋದು ವ್ಯಾಕರಣದ ಪ್ರಕಾರ ಸರಿಯಾಗೇ ಇದೆ. (ಶಿಷ್ಯನೂ ಅದೇ ಧಾತುವಿನವನೇ. ಹಿಂದೆ ಹಾರ ಹಿಡಿದು ನಿಂತಿರ್ತಾನಲ್ಲ, ಅವನು.) ಭೌತಶಾಸ್ತ್ರ ಅಂದಾಗ ಅದು ವಿದ್ಯೆ. ಮದುವೆಮನೆಯಲ್ಲಿ ಬಳೆ ಶಾಸ್ತ್ರ, ಚಪ್ಪರದ ಶಾಸ್ತ್ರ ಅಂದಾಗ ಬಿಡೋ ಹಾಗೇ ಇಲ್ಲ, ಒಂದು ತಪ್ಪಿದರೂ ಸೋದರತ್ತೆ ಮುಖ ಊದಿಸ್ತಾರೆ. ಅದಕ್ಕೇ ಒಂದು 'ಕ್ಕೆ' ಸೇರಿಸಿ ನೋಡಿ, ಒಳಗಿದ್ದ ತಿರುಳೆಲ್ಲ ಸೋರಿ ಬರೀ ಸಿಪ್ಪೆ ಉಳಿಯುತ್ತೆ. ಶಾಸ್ತ್ರಕ್ಕೆ ಒಂದು ತುತ್ತು, ಶಾಸ್ತ್ರಕ್ಕೆ ಒಂದು ಮೀಟಿಂಗು. ಪಾಪ, ಚತುರ್ಥಿ ವಿಭಕ್ತಿಗೆ ಇಷ್ಟು ಕೆಲಸ ಬೇರೆಲ್ಲೂ ಸಿಕ್ಕಿರಲಿಕ್ಕಿಲ್ಲ.

ಕನ್ನಂಬಾಡಿಯಲ್ಲೂ ಶಾಸ್ತ್ರ ಇದೆ, ಇಲ್ಲ ಅನ್ನಲ್ಲ. 1911ರಲ್ಲಿ ಶುರುವಾದ ಆ ಕಟ್ಟೆ ಎದ್ದಿದ್ದು ಲೆಕ್ಕ, ಅಳತೆಯ ಶಾಸ್ತ್ರದಿಂದ. ಈಗ ನೀರು 124.80 ಅಡಿ ಮುಟ್ಟಿದರೆ, ಗೌರಿ ಹಬ್ಬಕ್ಕೆ ಹೆಣ್ಣುಮಕ್ಕಳು ಮೊರದಲ್ಲಿ ಕೊಟ್ಟುಕೊಳ್ಳೋ ಬಾಗಿನವನ್ನು ಸರ್ಕಾರವೇ ಕಾವೇರಿಗೆ ಕೊಡುತ್ತೆ. 2025ರಲ್ಲಂತೂ ಜೂನ್ 30ಕ್ಕೇ ಕೊಟ್ಟರು. ಆದರೂ ಅಲ್ಲಿ ಮೊದಲು ನೀರು, ಆಮೇಲೆ ಮೊರ. ಖಾಲಿ ಕಟ್ಟೆಗೆ ಯಾರೂ ಬಾಗಿನ ಬಿಡಲ್ಲ, ಅಲ್ವಾ?

ನಮ್ಮ ಗುದ್ದಲಿ ಅವತ್ತೇ ಆಟೊ ಹತ್ತಿತು, ಇನ್ನೂ ಎರಡು ಬೀದಿಯಲ್ಲಿ ಶಾಸ್ತ್ರ ಇತ್ತಂತೆ. ರಾತ್ರಿ ಮಳೆ ಬಂದು ಆ ಪುಡಿ ಮಣ್ಣು ಕುಸಿಯಿತು. ಬೆಳಿಗ್ಗೆ ಹಾಲಿನವನ ಸ್ಕೂಟರ್ ಅದರಲ್ಲೇ ಇಳಿಯಿತು. ಈಗ ಅಜ್ಜಿ ಅಲ್ಲೊಂದು ಬೇವಿನ ಕೊಂಬೆ ನೆಟ್ಟಿದ್ದಾರೆ, ಕತ್ತಲಲ್ಲಿ ಯಾರೂ ಬೀಳದಿರಲಿ ಅಂತ.