ಗಟ್ಟಿ ಪೆಟ್ಟಿಗೆಯೂ ಪುಕ್ಕಲು ಯಜಮಾನರೂ

ದುಬಾರಿ ಸೂಟ್‌ಕೇಸ್ ಕೊಳ್ಳಬೇಕೇ ಬೇಡವೇ ಎಂಬ ಪ್ರಶ್ನೆ ಸಾಮಾನ್ಯವಾಗಿ ಅಂಗಡಿಯಲ್ಲಿ ಹುಟ್ಟುವುದಿಲ್ಲ. ಹಳೆಯ ಸೂಟ್‌ಕೇಸಿನ ಎಳೆಯುವ ಹಿಡಿ ಮೇಲೆದ್ದು, ಕೆಳಗಿಳಿಯಲು ಒಪ್ಪದೆ, ಹಿಂದೆ ಸಾಲಿನಲ್ಲಿ ನಿಂತವರೆಲ್ಲ ತಜ್ಞರಾಗಿಬಿಟ್ಟ ಗಳಿಗೆಯಲ್ಲಿ ಹುಟ್ಟುತ್ತದೆ. ನನ್ನ ವಿಷಯದಲ್ಲಿ ಒಬ್ಬರು ಗುಂಡಿಯನ್ನು ಒತ್ತಿ ಹಿಡಿಯಿರಿ ಎಂದರು, ಇನ್ನೊಬ್ಬರು ಗುಂಡಿಯನ್ನು ಮುಟ್ಟಲೇಬೇಡಿ ಎಂದರು, ಮೂರನೆಯವರು ಏನೂ ಹೇಳದೆ ಅದರ ನೆತ್ತಿಗೆ ಅಂಗೈಯಿಂದ ಒಂದು ಬಿಗಿದರು. ಹಿಡಿ ಇಳಿಯಿತು, ಆಮೇಲೆ ಏಳಲೇ ಇಲ್ಲ. ಬಗ್ಗಿಕೊಂಡೇ ಅದನ್ನು ಎಳೆದು ಮನೆ ಸೇರಿದ ಮೇಲೆ, ಇನ್ನು ಕೊಂಡರೆ ಗಟ್ಟಿಯಾದದ್ದನ್ನೇ ಕೊಳ್ಳತಕ್ಕದ್ದು ಎಂಬ ನಿರ್ಣಯ ನಮ್ಮಲ್ಲಿ ಅವಿರೋಧವಾಗಿ ಅಂಗೀಕಾರವಾಯಿತು. ಎಷ್ಟು ದುಡ್ಡಿನಷ್ಟು ಗಟ್ಟಿ ಎಂಬುದರಲ್ಲಿ ಮಾತ್ರ ಒಮ್ಮತ ಬರಲಿಲ್ಲ.

ಈ ವಿಷಯದಲ್ಲಿ ನಮ್ಮ ಭಾವನವರು ಅನುಭವಸ್ಥರು, ಏಕೆಂದರೆ ಅವರ ಬಳಿ ಅಲ್ಯೂಮಿನಿಯಂ ಪೆಟ್ಟಿಗೆಯಿದೆ. ಅದನ್ನು ತಂದ ಮೇಲೆ ಅವರು ಮಾಡಿದ ಮೊದಲ ಕೆಲಸವೆಂದರೆ ಅದಕ್ಕೊಂದು ಬಟ್ಟೆಯ ಹೊದಿಕೆ ಕೊಂಡದ್ದು. ಪೆಟ್ಟು ತಾಳಲೆಂದೇ ತಯಾರಾದ ವಸ್ತುವಿಗೆ ಪೆಟ್ಟು ಬೀಳಬಾರದೆಂದು ಅಂಗಿ ತೊಡಿಸಿದರು. ಹಾಗಿದ್ದೂ ಮೊದಲ ವಿಮಾನಯಾನದಲ್ಲೇ ಅದರ ಒಂದು ಮೂಲೆ ತಗ್ಗಿತು. ಅಲ್ಯೂಮಿನಿಯಂ ಒಮ್ಮೆ ತಗ್ಗಿದರೆ ತಗ್ಗಿದ್ದೇ. ಒಳ್ಳೆಯ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಆದರೋ ಒತ್ತಿದಾಗ ಬಾಗಿ ಮತ್ತೆ ಪುಟಿದು ತನ್ನ ಆಕಾರಕ್ಕೆ ಬರುತ್ತದೆ, ಅಗ್ಗದ ಎಬಿಎಸ್ ಪ್ಲಾಸ್ಟಿಕ್ ಬಾಗುವ ಸೌಜನ್ಯವನ್ನೂ ತೋರದೆ ಮೂಲೆಯಲ್ಲಿ ಬಿರಿಯುತ್ತದೆ. ಅಂಥ ತಗ್ಗುಗಳು ಪ್ರಯಾಣದ ಸವಿನೆನಪುಗಳೆಂದು ಮಾರುವವರು ವರ್ಣಿಸುತ್ತಾರೆ. ಭಾವನವರಿಗೆ ಆ ಕವಿಹೃದಯವಿಲ್ಲವಾದ್ದರಿಂದ ಅವರು ಈಗಲೂ ಪೆಟ್ಟಿಗೆಯ ಆ ಮೂಲೆಯನ್ನು ಗೋಡೆಯ ಕಡೆಗೆ ತಿರುಗಿಸಿಯೇ ನಿಲ್ಲಿಸುತ್ತಾರೆ.

ಪೆಟ್ಟಿಗೆಯ ಭಾರದ ಬಗ್ಗೆ ಅವರು ಮಾತೇ ಆಡುವುದಿಲ್ಲ. ದೊಡ್ಡ ಅಲ್ಯೂಮಿನಿಯಂ ಪೆಟ್ಟಿಗೆ ಖಾಲಿಯಿದ್ದಾಗಲೇ 6 ಕಿಲೋ ಆಸುಪಾಸು ತೂಗುತ್ತದೆ. ಅನೇಕ ವಿಮಾನಗಳಲ್ಲಿ ಒಂದು ಪೆಟ್ಟಿಗೆಗೆ ಇರುವ ಮಿತಿ 23 ಕಿಲೋ. ಅಂದರೆ ಮಿತಿಯ ಕಾಲು ಭಾಗದಷ್ಟನ್ನು ಗಟ್ಟಿತನಕ್ಕೇ ಬಿಟ್ಟುಕೊಟ್ಟು, ಉಳಿದದ್ದರಲ್ಲಿ ಬಟ್ಟೆಬರೆ ಹೊಂದಿಸಿಕೊಳ್ಳಬೇಕು. ಹೋದ ಸಲ ಭಾವನವರು ತೂಕ ಹೆಚ್ಚಾಯಿತೆಂದು ಕೌಂಟರಿನ ಎದುರಿಗೇ ಎರಡು ಸ್ವೆಟರುಗಳನ್ನು ಒಂದರ ಮೇಲೊಂದು ತೊಟ್ಟುಕೊಂಡು ಬೆವರುತ್ತ ನಿಂತಾಗ, ಪಕ್ಕದಲ್ಲಿ ಅವರ ಪೆಟ್ಟಿಗೆ ಮಾತ್ರ ಬಹಳ ಗಂಭೀರವಾಗಿ ಹೊಳೆಯುತ್ತಿತ್ತು.

ಇಷ್ಟೆಲ್ಲ ನೋಡಿದ ಮೇಲೆ ನಾನು ಮನೆಯಲ್ಲಿದ್ದ ಸತ್ತ ಸೂಟ್‌ಕೇಸುಗಳನ್ನೆಲ್ಲ ಅಟ್ಟದಿಂದ ಇಳಿಸಿ ಮರಣೋತ್ತರ ಪರೀಕ್ಷೆಗೆ ಕುಳಿತೆ. ಒಂದರ ಮೈಯೂ ಒಡೆದಿರಲಿಲ್ಲ. ಎಲ್ಲವೂ ಕೈಕಾಲು ಬಿದ್ದೇ ಹೋದವು: ಚಕ್ರ, ಹಿಡಿ, ಜಿಪ್. ನಾವು ಅಂಗಡಿಯಲ್ಲಿ ಬೆರಳಿನಿಂದ ಕುಟ್ಟಿ ನೋಡುವುದು ಮೈಯನ್ನು, ದುಡ್ಡು ಕೊಡುವುದು ಮೈಯ ಹೊಳಪಿಗೆ, ಅಳುವುದು ಚಕ್ರಕ್ಕೆ. ಹಿಂದಿನವರಿಗೆ ಈ ಸಂಕಟವಿರಲಿಲ್ಲ, ಏಕೆಂದರೆ ಸೂಟ್‌ಕೇಸಿಗೆ ಚಕ್ರ ಜೋಡಿಸಿ ಪಟ್ಟಿಯಿಂದ ಎಳೆಯುವ ಉಪಾಯಕ್ಕೆ ಬರ್ನಾರ್ಡ್ ಸ್ಯಾಡೋ ಎಂಬ ಅಮೆರಿಕನ್ನನಿಗೆ ಪೇಟೆಂಟ್ ಸಿಕ್ಕಿದ್ದೇ 1972ರಲ್ಲಿ. ರಾಬರ್ಟ್ ಪ್ಲಾತ್ ಎಂಬ ವಿಮಾನ ಚಾಲಕ ಅದನ್ನು ನೆಟ್ಟಗೆ ನಿಲ್ಲಿಸಿ, ಎರಡು ಚಕ್ರ ಕೊಟ್ಟು, ಒಳಗೆ ಸರಿಯುವ ಹಿಡಿಯನ್ನು ಸೇರಿಸಿದ್ದು 1987ರಲ್ಲಿ. ಅದಕ್ಕೂ ಮೊದಲು ಪೆಟ್ಟಿಗೆ ಕೆಡುತ್ತಿರಲಿಲ್ಲ, ಹೊರುವವರ ಭುಜ ಕೆಡುತ್ತಿತ್ತು. ಈಗ ನಾಲ್ಕು ದಿಕ್ಕಿಗೂ ತಿರುಗುವ ನಾಲ್ಕು ಚಕ್ರಗಳು ಬಂದಿವೆ. ನುಣುಪು ನೆಲದ ಮೇಲೆ ಅವು ಬೆರಳ ತುದಿಗೂ ಓಗೊಡುತ್ತವೆ ನಿಜ, ಆದರೆ ಮೈಯಿಂದ ಹೊರಗೆ ಚಾಚಿಕೊಂಡಿರುವುದರಿಂದ ಪೆಟ್ಟಿಗೆ ಎಸೆದಾಗ ಮೊದಲು ನೆಲ ಮುಟ್ಟುವುದೂ ಅವೇ. ಮೈಯೊಳಗೆ ಅರ್ಧ ಹುದುಗಿರುವ ಹಳೆಯ ಬಗೆಯ ಎರಡು ಚಕ್ರಗಳು ಅಷ್ಟು ಸುಲಭವಾಗಿ ಏಟಿಗೆ ಸಿಗುವುದಿಲ್ಲ.

ನನ್ನನ್ನು ಹೆಚ್ಚು ಕಂಗೆಡಿಸಿದ್ದು ಬೇರೆಯದೇ ಒಂದು ಶವ. ಬಹಳ ಜೋಪಾನವೆಂದು ಯಾರೂ ಮುಟ್ಟದೆ ಇಟ್ಟಿದ್ದ ಸೂಟ್‌ಕೇಸ್ ಅದು. ನೆಲಕ್ಕಿಟ್ಟು ಎಳೆದೊಡನೆ ಚಕ್ರದ ಹೊರಪದರ ಪುಡಿಪುಡಿಯಾಗಿ ಉದುರಿತು. ಚಕ್ರಗಳಿಗೆ ಬಳಸುವ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕಿನ ಕೆಲವು ಬಗೆಗಳು ಗಾಳಿಯ ತೇವವನ್ನು ಹೀರಿ ವರ್ಷಗಳ ಕಾಲದಲ್ಲಿ ತಾವಾಗಿಯೇ ಒಡೆಯುತ್ತವೆ, ಉರುಳಿದರೂ ಸರಿ ಉರುಳದಿದ್ದರೂ ಸರಿ. ಹೀಗಾಗಿ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ ಎಂದು ನಂಬಿ ಅಟ್ಟದ ಮೇಲಿಟ್ಟ ದುಬಾರಿ ಪೆಟ್ಟಿಗೆ ಅಲ್ಲಿಯೇ ಕುಳಿತು, ಒಂದು ಊರನ್ನೂ ನೋಡದೆ, ಮುಪ್ಪಾಗಬಹುದು.

ವಾರಂಟಿಯಿದೆಯಲ್ಲ ಎಂದು ಭಾವನವರು ಸಮಾಧಾನ ಹೇಳಿದರು. ಅವರ ವಾರಂಟಿ ಪತ್ರವನ್ನು ಆದ್ಯಂತ ಓದಿದವರು ನಮ್ಮ ಕುಟುಂಬದಲ್ಲಿ ನಾನೊಬ್ಬನೇ ಇರಬೇಕು. ಅದರಲ್ಲಿ ತಯಾರಿಕೆಯ ದೋಷಕ್ಕೆ ಕಂಪನಿಯೇ ಹೊಣೆ, ಬಳಕೆಯ ಸವೆತಕ್ಕೆ ಯಜಮಾನರು ಹೊಣೆ, ಸಾಗಣೆಯಲ್ಲಾದ ಹಾನಿಗೆ ವಿಮಾನ ಸಂಸ್ಥೆ ಹೊಣೆ ಎಂದಿದೆ. ಅಂತರರಾಷ್ಟ್ರೀಯ ಪ್ರಯಾಣಗಳಿಗೆ ಅನ್ವಯಿಸುವ 1999ರ ಮಾಂಟ್ರಿಯಲ್ ಒಪ್ಪಂದವೋ, ಸಾಮಾನಿನ ಸ್ವಂತ ದೋಷದಿಂದಾದ ಹಾನಿಗೆ ವಿಮಾನ ಸಂಸ್ಥೆ ಹೊಣೆಯಲ್ಲ ಎನ್ನುತ್ತದೆ. ಮುರಿದ ಚಕ್ರವನ್ನು ಹಿಡಿದು ಇಬ್ಬರ ನಡುವೆ ನಿಂತವನಿಗೆ ಎರಡೂ ಕಾಗದಗಳು ವಿನಯದಿಂದ ಎದುರು ಬಾಗಿಲು ತೋರಿಸುತ್ತವೆ. ಆ ಒಪ್ಪಂದದಲ್ಲಿ ನಿಜಕ್ಕೂ ನೆನಪಿಡಬೇಕಾದ ಸಂಗತಿಯೆಂದರೆ, ಹಾನಿಯಾದ ಸಾಮಾನಿನ ದೂರನ್ನು ಅದು ಕೈಸೇರಿದ 7 ದಿನಗಳೊಳಗೆ ಬರಹದಲ್ಲಿ ಕೊಡಬೇಕು. ಪರಿಹಾರಕ್ಕೆ ಒಬ್ಬ ಪ್ರಯಾಣಿಕನಿಗೆ ಗರಿಷ್ಠ 1,519 ಎಸ್‌ಡಿಆರ್ ಎಂಬ ಮಿತಿಯಿದೆ. ಈ ಎಸ್‌ಡಿಆರ್ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನವಾದ್ದರಿಂದ, ಯಾರ ಕಿಸೆಯಲ್ಲೂ ಕಾಣಸಿಗದ ಹಣದಲ್ಲಿ ನಮ್ಮ ದುಃಖವನ್ನು ಅಳೆದಿಟ್ಟಿದ್ದಾರೆ.

ಬೀಗದ ಮಾತು ಬೇಡವೇ ಬೇಡ. ಸಾಧಾರಣ ನೈಲಾನ್ ಸುರುಳಿಯ ಜಿಪ್ಪನ್ನು ಬಾಲ್‌ಪೆನ್ನಿನ ಮೊನೆಯಿಂದ ಬಿಚ್ಚಿ, ಜಿಪ್ ಎಳೆಯುವ ಹಿಡಿಯನ್ನು ಅತ್ತಿಂದಿತ್ತ ಎಳೆದು ಮತ್ತೆ ಮುಚ್ಚಿಬಿಡಬಹುದು. ನಡುವೆ ಬೀಗ ಹಾಗೆಯೇ ನೇತಾಡುತ್ತ ಯಜಮಾನರಿಗೆ ಧೈರ್ಯ ಹೇಳುತ್ತಿರುತ್ತದೆ.

ಹಾಗಾದರೆ ದುಬಾರಿಯದು ದಂಡವೇ? ವಾರ ವಾರವೂ ಊರು ಸುತ್ತುವವರಿಗೆ ಅಲ್ಲ ಎಂದೇ ನನ್ನ ಅಭಿಪ್ರಾಯ. ಐದು ಪಟ್ಟು ಬೆಲೆಯ ಪೆಟ್ಟಿಗೆ ಐದು ಪಟ್ಟು ಪ್ರಯಾಣ ಮಾಡಿದರೆ ಲೆಕ್ಕ ಸರಿಹೋಗುತ್ತದೆ, ದಾರಿಯಲ್ಲಿ ಕೈಕೊಡದ ಚಕ್ರದ ನೆಮ್ಮದಿ ಲಾಭದ ಬಾಬ್ತು. ಹಬ್ಬಕ್ಕೊಮ್ಮೆ ಮದುವೆಗೊಮ್ಮೆ ಹೊರಡುವ ನಮ್ಮಂಥವರು ಆ ಲೆಕ್ಕವನ್ನು ಸರಿದೂಗಿಸಬೇಕಾದರೆ ಬಂಧುಗಳೆಲ್ಲ ಸೇರಿ ನಮಗಾಗಿ ಮದುವೆಗಳನ್ನು ಹೆಚ್ಚಿಸಬೇಕಾದೀತು. ಆದ್ದರಿಂದ ನಾನು ಮಧ್ಯಮ ಬೆಲೆಯದನ್ನು, ಆದರೆ ಚಕ್ರ ಮತ್ತು ಹಿಡಿಗಳನ್ನು ರಿವೆಟ್ ಹೊಡೆದು ಕೂರಿಸದೆ ಸ್ಕ್ರೂ ಹಾಕಿ ಜೋಡಿಸಿದ್ದನ್ನು, ಬಿಡಿಭಾಗ ಸಿಗುತ್ತದೆಂಬ ಖಾತರಿಯಿದ್ದದ್ದನ್ನು ಆರಿಸುವುದೆಂದು ನಿಶ್ಚಯಿಸಿದೆ.

ಅಂಗಡಿಯಲ್ಲಿ ನಾನು ಸೂಟ್‌ಕೇಸುಗಳನ್ನು ಒಂದೊಂದಾಗಿ ತಲೆಕೆಳಗು ಮಾಡಿ, ಒಳಗಿನ ಅಸ್ತರಿಯ ಜಿಪ್ ತೆರೆದು ಕೈಹಾಕಿ ಸ್ಕ್ರೂಗಳನ್ನು ತಡಕುತ್ತಿದ್ದಾಗ, ಮಾರುವ ಹುಡುಗ ಏನೋ ಕಳೆದುಹೋಗಿದೆಯೆಂದು ಭಾವಿಸಿ ತಾನೂ ಹುಡುಕತೊಡಗಿದ. ನನ್ನ ಹೆಂಡತಿ ಅಷ್ಟರಲ್ಲಿ ಕಣ್ಣು ಕುಕ್ಕುವ ಹಳದಿಯ ಒಂದನ್ನು ಹಿಡಿದು ತಂದು, “ಬೆಲ್ಟಿನ ಮೇಲೆ ಬರುವ ಕಪ್ಪು ಪೆಟ್ಟಿಗೆಗಳಲ್ಲಿ ನಮ್ಮದು ಯಾವುದೆಂದು ನೀವು ಇದುವರೆಗೆ ಒಮ್ಮೆಯಾದರೂ ಗುರುತಿಸಿದ್ದೀರಾ?” ಎಂದು ಕೇಳಿದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಹಳದಿಯದನ್ನು ತಲೆಕೆಳಗು ಮಾಡಿ ನೋಡಿದೆ, ಸ್ಕ್ರೂಗಳಿದ್ದವು. ಹುಡುಗ ಹುಡುಕುವುದನ್ನು ನಿಲ್ಲಿಸಿ ಬಿಲ್ ಬರೆಯಲು ಹೋದ.